ಅತ್ತೆಯವರ ಸೊಂಟ, ನಮ್ಮ ಮಾರುತಿ

2014ರಲ್ಲೇ ತಯಾರಿಕೆ ನಿಂತುಹೋದ ಮಾರುತಿ 800 ನಮ್ಮದು. ಓಡುತ್ತಿತ್ತು ಎನ್ನುವುದಕ್ಕಿಂತ ಕುಣಿಯುತ್ತಿತ್ತು ಎನ್ನಬೇಕು. ಸೊಂಟನೋವಿನ ಅತ್ತೆಯವರು ಶಿವಮೊಗ್ಗದಿಂದ ತೀರ್ಥಹಳ್ಳಿಯ ಮಗಳ ಮನೆಗೆ ಹೋಗುವುದನ್ನೇ ಬಿಟ್ಟಿದ್ದರು.

“ದಿಂಬು ಹಾಕಿದರಾಯ್ತು” ಎಂದರು ನಮ್ಮವರು. ಮೆಕ್ಯಾನಿಕ್ ಬಾನೆಟ್ಟಿನ ಮೂಲೆಯನ್ನು ಒತ್ತಿ ಬಿಟ್ಟ. ಕಾರು ಮೂರು ಸಲ ತೂಗಿತು. “ಭಾರ ಹೊರೋದು ಸ್ಪ್ರಿಂಗು, ಮೇಡಂ. ಅದರ ಕುಣಿತ ನಿಲ್ಲಿಸೋದು ಶಾಕ್ ಅಬ್ಸಾರ್ಬರು. ಎಣ್ಣೆ ಸೋರಿಹೋಗಿದೆ.” ಪಾಠ ಕೇಳುವ ಸರದಿ ನನ್ನದು! ಸಣ್ಣ ರಂಧ್ರಗಳಲ್ಲಿ ಎಣ್ಣೆ ನುಸುಳುವಾಗ ಕುಲುಕಾಟವೆಲ್ಲ ಬಿಸಿಯಾಗಿ ಕಳೆಯುತ್ತದೆ. ಜೊತೆಗೆ ನೈಟ್ರೋಜನ್ ತುಂಬಿದ್ದರೆ ಎಣ್ಣೆ ಬೇಗ ನೊರೆಗಟ್ಟುವುದಿಲ್ಲ. ಅಂಥವೇ ನಾಲ್ಕನ್ನು ನನ್ನ ಸಂಬಳದಲ್ಲೇ ಹಾಕಿಸಿದೆ.

ಗುಂಡಿ ಈಗಲೂ ತಿಳಿಯುತ್ತದೆ, ಆದರೆ ಒಂದೇ ಪೆಟ್ಟು, ಆಮೇಲೆ ತೂಗಾಟವಿಲ್ಲ. ಮಂಡಗದ್ದೆ ದಾಟಿದ ಮೇಲೆ ಹಿಂದಿರುಗಿ ನೋಡಿದೆ. ಅತ್ತೆಯವರಿಗೆ ಗಾಢ ನಿದ್ದೆ.