ಪಡುವಣ ಕಿಟಕಿಗೆ ಆರಿಂಚಿನ ಮಡಿಕೆ

ಕೆಂಗೇರಿ ಉಪನಗರದಲ್ಲಿ ಪಡುವಣಕ್ಕೆ ಕಿಟಕಿಯಿರುವ ಮನೆಯವರಿಗೆ ಮಾರ್ಚ್ ತಿಂಗಳ ಸಂಜೆ ನಾಲ್ಕು ಗಂಟೆಯನ್ನು ವಿವರಿಸಬೇಕಿಲ್ಲ. ಪರದೆ ಎಳೆದರೆ ಕತ್ತಲೆ, ಸರಿಸಿದರೆ ಕಣ್ಣಿಗೇ ಬಿಸಿಲು. ದಾರ ಎಳೆದರೆ ಮಡಿಕೆಮಡಿಕೆಯಾಗಿ ಮೇಲೇರುವ ಬಟ್ಟೆಯ ಪರದೆ, ರೋಮನ್ ಬ್ಲೈಂಡ್, ಹಾಗಲ್ಲ. ಸೂರ್ಯ ಇಳಿದಂತೆಲ್ಲ ಒಂದೊಂದೇ ಮಡಿಕೆ ಇಳಿಸುತ್ತ ಹೋದರೆ ಕೆಳಗಿನ ಬೆಳಕು ಪುಸ್ತಕಕ್ಕೆ ಉಳಿಯುತ್ತದೆ.

ಸಿದ್ಧವಾದದ್ದು ಅಂಗಡಿಯಲ್ಲಿ ಸಿಗುತ್ತದೆ, ನಿಜ. ಹೊಲಿಯುವ ಸುಖವನ್ನು ಇನ್ನೊಬ್ಬರಿಗೆ ಯಾಕೆ ಬಿಟ್ಟುಕೊಡಬೇಕು? 2021ರ ಆಗಸ್ಟ್‌ನಲ್ಲಿ ಕೆಂಗೇರಿಗೆ ಮೆಟ್ರೊ ಬಂದ ಮೇಲೆ ಬಟ್ಟೆಯಂಗಡಿಗಳ ಚಿಕ್ಕಪೇಟೆಯೂ ಹತ್ತಿರವಾಗಿದೆ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗ ಹಿಡಿದರೆ ಮುಂದಿನ ನಿಲ್ದಾಣವೇ ಅದು. ನನ್ನ ಆಯ್ಕೆ ದಪ್ಪ ಖಾದಿ. ತಂದ ದಿನವೇ ನೀರಿಗೆ ಹಾಕುತ್ತೇನೆ, ಕುಗ್ಗುವುದೆಲ್ಲ ಮೊದಲೇ ಕುಗ್ಗಲಿ. ಆಮೇಲೆ ಅಡ್ಡಕ್ಕೆ ಒಂದು ನೂಲನ್ನು ಮೆಲ್ಲಗೆ ಎಳೆದು ತೆಗೆದರೆ ಬಟ್ಟೆಯಲ್ಲಿ ಸಣ್ಣ ಗೆರೆ ಮೂಡುತ್ತದೆ. ಕತ್ತರಿ ಓಡಬೇಕಾದ್ದು ಅದರ ಮೇಲೆ. ಸ್ಕೇಲಿಗಿಂತ ನೇಯ್ಗೆಯನ್ನು ನಂಬುವವನು ನಾನು. ಅಂಚು ಹೊಲಿದು, ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದು, ಎರಡೂ ಸಮ ಬಂದರೆ ಅರ್ಧ ಗೆದ್ದ ಹಾಗೆ.

ನಿಜವಾದ ರುಚಿ ಇರುವುದು ಮಡಿಕೆಯ ಲೆಕ್ಕದಲ್ಲಿ. 45 ಇಂಚು ಉದ್ದದ ಬ್ಲೈಂಡ್‌ಗೆ ಹಿಂಬದಿಯಲ್ಲಿ, ಕೆಳಗಿನಿಂದ 7, 19, 31ನೇ ಇಂಚಿಗೆ ಅಡ್ಡಜೇಬು ಹೊಲಿದು ತೆಳು ಬಿದಿರುಕಡ್ಡಿ ತೂರಿಸುತ್ತೇನೆ. ಕಡ್ಡಿಗಳ ನಡುವೆ 12 ಇಂಚು, ಹಾಗಾಗಿ ಎತ್ತಿದಾಗ ಬೀಳುವ ಮಡಿಕೆ 6 ಇಂಚು. ತುದಿಗೆ 6ರ ಬದಲು 7 ಯಾಕೆ? ಮಡಿಕೆಗಳೆಲ್ಲ ಸೇರಿದಾಗ ಕೆಳಗಿನಂಚು ಒಂದಿಂಚು ಇಣುಕಲಿ ಎಂದು. ಆ ಒಂದಿಂಚಿನ ಠೀವಿಯೇ ಬೇರೆ. ಪ್ರತಿ ಕಡ್ಡಿಗೆ ಮೂರು ಪುಟ್ಟ ರಿಂಗು, ರಿಂಗಿನ ಸಾಲಿಗೊಂದು ದಾರ. ಮೂರೂ ಮೇಲಿನ ಮರದ ಪಟ್ಟಿಯ ಬಳೆಗಳಲ್ಲಿ ಹಾದು ಒಂದೇ ಬದಿಗೆ ಇಳಿಯುತ್ತವೆ.

"ಏನಪ್ಪಾ, ಕಿಟಕಿಗೂ ಲಂಗ ಹೊಲಿತಿದ್ದೀಯಾ?" ಎಂದರು ಎದುರುಮನೆ ಅಜ್ಜಿ. ಮರುವಾರ ತಮ್ಮ ಕಿಟಕಿಯ ಅಳತೆ ಹೇಳಿಕಳಿಸಿದರು.

ಕೂರಿಸುವಾಗ ಲಿಂಟಲ್‌ನ ಕಾಂಕ್ರೀಟು ಒಂದಿಷ್ಟು ಸತಾಯಿಸುತ್ತದೆ. ಹ್ಯಾಮರ್ ಡ್ರಿಲ್ ಇದ್ದರೆ ಅದೂ ಕೇಳುತ್ತದೆ. ದಾರ ಸುತ್ತುವ ಕೊಕ್ಕೆಯನ್ನು ಮಾತ್ರ ಐದಡಿಗಿಂತ ಕೆಳಗೆ ಹೊಡೆಯಬಾರದು, ಮಕ್ಕಳ ಕತ್ತಿಗೆ ಸಿಕ್ಕೀತು. ಬಟ್ಟೆಯನ್ನು ಪಟ್ಟಿಗೆ ಹಿಡಿಸುವುದು ವೆಲ್ಕ್ರೊ. ಯುಗಾದಿಗೆ ಮುಂಚೆ ಅದನ್ನು ಕಿತ್ತು, ಕಡ್ಡಿ ಎಳೆದು, ಒಗೆದು ಹರವಿದರಾಯಿತು.

ಅಡುಗೆಮನೆಗೂ ಒಂದು ಬೇಕೆಂದು ಮನೆಯಲ್ಲಿ ಬೇಡಿಕೆಯಿದೆ. ಒಗ್ಗರಣೆಯ ಹೊಗೆಗೆ ಖಾದಿ ಒಡ್ಡಲು ನನಗೆ ಮನಸ್ಸಿಲ್ಲ; ಅಲ್ಲಿಗೆ ಬಿದಿರಿನ ಪರದೆಯೇ ಸಾಕೆಂದು ವಾದಿಸುತ್ತಿದ್ದೇನೆ.