ಪುಟ್ಟ ಕಾರು, ಕೆನಡಾ ಚಳಿ

ಕೆನಡಾದಲ್ಲಿ ಹಳೆಯ ಸ್ಮಾರ್ಟ್ ಫೋರ್‌ಟು ಕಾರು ಕೊಳ್ಳಲು ಹೊರಟ ಗೆಳೆಯರಿಗೆ ಒಂದು ಮಾತು. ಉದ್ದ ಸುಮಾರು 2.7 ಮೀಟರ್, ಎರಡೇ ಸೀಟು, ಇಂಧನ ಖರ್ಚು ಕಡಿಮೆ. ಎಲ್ಲರೂ ಮೊದಲು ಹೆದರುವುದು ಹಿಮಕ್ಕೆ. ಆದರೆ ಇದರ ಎಂಜಿನ್ ಹಿಂದಿದೆ, ಗಾಡಿ ತಳ್ಳುವುದೂ ಹಿಂದಿನ ಚಕ್ರಗಳೇ. ಭಾರ ಅವುಗಳ ಮೇಲೆ ಬೀಳುವುದರಿಂದ ಹೊರಡುವಾಗ ಹಿಡಿತ ಸಿಗುತ್ತದೆ. ಚಳಿಗಾಲದ ಟೈರ್ ಮಾತ್ರ ಬೇಕೇ ಬೇಕು. (ಕ್ವಿಬೆಕ್‌ನಲ್ಲಂತೂ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಅದು ಕಾನೂನು.)

ನನ್ನ ಚಿಂತೆಯೆಲ್ಲ ಹೆದ್ದಾರಿಯದು. ಇಷ್ಟು ಗಿಡ್ಡ ಗಾಡಿ ಅಡ್ಡಗಾಳಿಗೆ, ಪಕ್ಕದಲ್ಲಿ ಹಾಯುವ ಟ್ರಕ್ಕಿನ ರಭಸಕ್ಕೆ ಅಲುಗುತ್ತದೆ. ದಿನವೂ ಗಂಟೆಗಟ್ಟಲೆ ಸ್ಟೀರಿಂಗ್ ಬಿಗಿಹಿಡಿದು ಕೂತರೆ ಮೈ ಸೋಲುತ್ತದೆ, ಗಮನವೂ ಸೋಲುತ್ತದೆ. ಊರೊಳಗಿನ ಓಡಾಟಕ್ಕೆ ಧೈರ್ಯವಾಗಿ ಕೊಳ್ಳಿ. ದಿನಾ ನೂರು ಕಿಲೋಮೀಟರ್ ಹೆದ್ದಾರಿಯಾದರೆ ಬೇಡ.