ಊರು ಬಿಡುವ ಮುನ್ನ: ದಿಗ್ವ್ರತದ ಬೆಳಕಿನಲ್ಲಿ ಒಂದು ಗೃಹವಿಚಾರ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಐದು ಅಣುವ್ರತಗಳನ್ನು ಕುರಿತು ನಾವು ಪ್ರವಚನಗಳಲ್ಲಿ ಆಗಾಗ ಕೇಳುತ್ತೇವೆ. ಗುಣವ್ರತಗಳಲ್ಲಿ ಮೊದಲನೆಯದಾದ ದಿಗ್ವ್ರತದ ಪ್ರಸ್ತಾಪ ಬರುವುದು ಅಪರೂಪ. ದಿಕ್ಕುಗಳಲ್ಲಿ ಇಷ್ಟು ದೂರ ಮಾತ್ರ ಸಂಚರಿಸುವೆನು, ಅದರಾಚೆಗೆ ಹೋಗೆನು ಎಂದು ಜೀವಮಾನ ಪರ್ಯಂತ ಎಲ್ಲೆಯನ್ನು ಹಾಕಿಕೊಳ್ಳುವುದೇ ದಿಗ್ವ್ರತ. ಸಮುದ್ರ, ನದಿ, ಅರಣ್ಯ, ಪರ್ವತ ಮೊದಲಾದ ಪ್ರಸಿದ್ಧ ಗುರುತುಗಳನ್ನೇ ಎಲ್ಲೆಯಾಗಿ ಇಟ್ಟುಕೊಳ್ಳಬೇಕೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತಿಳಿಸಿದ್ದಾರೆ. ಒಂದೇ ದಿನದಲ್ಲಿ ದೇಶದ ತುದಿಯಿಂದ ತುದಿಗೆ ಹೋಗಿಬರುವ ಈ ಕಾಲದಲ್ಲಿ ಇದು ಸವೆದುಹೋದ ಕಟ್ಟಳೆಯೆಂದು ಕೆಲವರಿಗೆ ತೋರಬಹುದು. ಆದರೆ ನೆಲೆಸಿದ ಊರಿನ ಕಸುಬು ಕ್ಷೀಣಿಸಿ, ಕುಟುಂಬವೊಂದು ಬೇರೆ ಊರಿನ ಕಡೆ ಮುಖಮಾಡಿದಾಗ ಈ ವ್ರತವು ಎಷ್ಟು ಉಪಯುಕ್ತವಾದ ಅಳತೆಗೋಲು ಎಂಬುದು ನನಗೆ ನಮ್ಮ ಮನೆಯಲ್ಲೇ ತಿಳಿಯಿತು. ಆ ವಿಚಾರವನ್ನು ವಾಚಕ ಬಂಧುಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ.

ನಾನು ಬಿ.ಕಾಂ. ಮುಗಿಸಿ 1983ರಲ್ಲಿ ತುಮಕೂರಿನಿಂದ ದೊಡ್ಡಬಳ್ಳಾಪುರಕ್ಕೆ ಬಂದು ನೂಲಿನ ಅಂಗಡಿಯನ್ನು ತೆರೆದೆನು. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಈ ಊರು ನೇಕಾರರ ಊರು. ಇಲ್ಲಿಯ ಅನೇಕ ಬೀದಿಗಳಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ವಿದ್ಯುತ್ ಮಗ್ಗ, ಹಿಂದಿನ ಕೋಣೆಯಲ್ಲಿ ಸಂಸಾರ. ಮಗ್ಗದ ಸದ್ದು ನಿಂತರೆ ಮಗು ಎಚ್ಚರಗೊಳ್ಳುತ್ತದೆ ಎಂದು ತಾಯಂದಿರು ಹೇಳುತ್ತಿದ್ದರು. ಎರಡು, ನಾಲ್ಕು, ಆರು ಮಗ್ಗಗಳ ಒಡೆಯರೇ ಹೆಚ್ಚು. ನೂಲಿಗೆ ಬಣ್ಣ ಹಾಕುವವರು, ಹುರಿ ಮಾಡುವವರು, ಹಾಸು ಸುತ್ತುವವರು, ಜಕಾರ್ಡಿಗೆ ಅಟ್ಟೆ ಕೊರೆಯುವವರು, ಕೂಲಿಗೆ ನೇಯುವವರು ಹೀಗೆ ಒಂದು ಸೀರೆಯ ಹಿಂದೆ ಹಲವು ಮನೆಗಳ ಅನ್ನವಿರುತ್ತದೆ. ರೇಷ್ಮೆಹುಳುಗಳನ್ನು ಗೂಡಿನಲ್ಲೇ ಬಿಸಿನೀರಿಗೆ ಹಾಕಿ ತೆಗೆದ ನೂಲನ್ನು ಮಾರಲು ನನ್ನ ಮನಸ್ಸು ಒಪ್ಪಲಿಲ್ಲ. ಆದುದರಿಂದ ಕೃತಕ ರೇಷ್ಮೆ, ಪಾಲಿಯೆಸ್ಟರ್, ಹತ್ತಿ ನೂಲು ಮತ್ತು ಜರಿಗಳಿಗೇ ನನ್ನ ವ್ಯಾಪಾರವನ್ನು ಸೀಮಿತಗೊಳಿಸಿಕೊಂಡೆನು. ನೂಲನ್ನು ಸಾಲವಾಗಿ ಕೊಡುವುದು, ಸೀರೆ ಮಾರಾಟವಾದ ಮೇಲೆ ಹಣ ಪಡೆಯುವುದು, ಇದು ಇಲ್ಲಿಯ ಪದ್ಧತಿ. ಹೀಗಾಗಿ ನೂಲಿನ ವ್ಯಾಪಾರಿಯ ಖಾತೆ ಪುಸ್ತಕವು ಅರ್ಧ ಊರಿನ ಜಾತಕವಿದ್ದಂತೆ.

ಈ ಕಸುಬು ಹೇಗೆ ಕುಗ್ಗಿತೆಂಬುದನ್ನು ನಾನು ಆ ಪುಸ್ತಕದಲ್ಲೇ ಓದಿದ್ದೇನೆ. ಸೂರತ್ತಿನಲ್ಲಿ ನೂಲು ತಯಾರಕರು, ಬಣ್ಣದ ಕಾರ್ಖಾನೆಗಳು, ಲಾಳಿಯಿಲ್ಲದ ವೇಗದ ಮಗ್ಗಗಳು ಎಲ್ಲವೂ ಒಂದೆಡೆ ಇವೆ. ಅಲ್ಲಿಂದ ಬರುವ ಸೀರೆಯ ಬೆಲೆಗೆ ನಮ್ಮ ನಾಲ್ಕು ಮಗ್ಗದ ನೇಕಾರನು ಸರಿಸಾಟಿಯಾಗುವುದು ಕಷ್ಟ. 2016ರ ನವೆಂಬರ್ 8ರ ನೋಟು ರದ್ದತಿಯಿಂದ ವಾರದ ಕೂಲಿಯನ್ನು ನಗದಿನಲ್ಲಿ ಕೊಡುವ ವ್ಯವಸ್ಥೆ ಏರುಪೇರಾಯಿತು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಾಗ ಕೃತಕ ನೂಲಿಗೆ ಶೇಕಡಾ 18, ನೇಯ್ದ ಬಟ್ಟೆಗೆ ಶೇಕಡಾ 5 ತೆರಿಗೆಯಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ನೂಲಿನ ದರವನ್ನು 12ಕ್ಕೆ ಇಳಿಸಿದರೂ, ಹೆಚ್ಚಾಗಿ ಕಟ್ಟಿದ ತೆರಿಗೆಯನ್ನು ಬಟ್ಟೆ ತಯಾರಕರು ಮರಳಿ ಪಡೆಯುವ ಅವಕಾಶ ದೊರೆತದ್ದು 2018ರ ಆಗಸ್ಟ್ 1ರಿಂದ. ನೋಂದಣಿಯೇ ಇಲ್ಲದ ಸಣ್ಣ ನೇಕಾರನಿಗೆ ಅದೂ ಇಲ್ಲ. ನೂಲಿನ ಮೇಲಿನ ತೆರಿಗೆ ಅವನ ಖರ್ಚಿನಲ್ಲೇ ಸೇರಿಹೋಗುತ್ತದೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದದ್ದು ಮದುವೆಯ ಕಾಲಕ್ಕೆ ನೇಯ್ದ ಸೀರೆಗಳು ಮನೆಯಲ್ಲಿ ರಾಶಿಬಿದ್ದಿದ್ದಾಗ. 2025ರ ಸೆಪ್ಟೆಂಬರ್ 22ರಿಂದ ನೂಲಿನ ತೆರಿಗೆಯೂ ಶೇಕಡಾ 5ಕ್ಕೆ ಇಳಿದಿದೆ. ಇದು ಸಂತೋಷದ ವಿಷಯವೇ. ಆದರೆ ಸೂರತ್ತಿಗೂ ಅದೇ ದರವಾದ್ದರಿಂದ ಪೈಪೋಟಿಯ ಅಂತರ ಕಡಿಮೆಯಾಗಿಲ್ಲ.

ಊರು ಬಡವಾಗಿದೆಯೆಂದು ಹೊರಗಿನವರು ನಂಬಲಾರರು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದಂದಿನಿಂದ ಸುತ್ತಲಿನ ನಿವೇಶನಗಳ ಬೆಲೆ ಗಗನಕ್ಕೇರಿದೆ. ನೆಲಕ್ಕೆ ಬೆಲೆ ಬಂದಿತು, ನೇಯ್ಗೆಗೆ ಬರಲಿಲ್ಲ. ಮಗ್ಗದ ಕೋಣೆಗಳು ಬಾಡಿಗೆ ಮನೆಗಳಾದವು. ನೇಕಾರರ ಮಕ್ಕಳು ಗಾರ್ಮೆಂಟ್ಸ್ ಮತ್ತು ಇತರ ಕಾರ್ಖಾನೆಗಳ ಬಸ್ಸು ಹತ್ತಿದರು.

2023ರ ದೀಪಾವಳಿಯಲ್ಲಿ ಹೊಸ ಖಾತೆಯ ಪೂಜೆ ಮುಗಿದ ಮೇಲೆ ನನ್ನ ಹಿರಿಯ ಮಗನು ಸೂರತ್ತಿಗೆ ಹೋಗಿ ನೆಲೆಸುವ ಪ್ರಸ್ತಾಪವನ್ನು ಮುಂದಿಟ್ಟನು. ಅಂಗಡಿಯನ್ನು ಮುಚ್ಚಿ, ಬಂಡವಾಳವನ್ನೆಲ್ಲ ಕೂಡಿಸಿ, ತಂದೆ ಮಕ್ಕಳು ಪಾಲುದಾರರಾಗಿ ಅಲ್ಲಿ ನೂಲಿನ ವ್ಯಾಪಾರ ಮಾಡೋಣವೆಂಬುದು ಅವನ ಯೋಜನೆ. ಅವನ ಲೆಕ್ಕ ಸರಿಯಾಗಿಯೇ ಇತ್ತು. ಹತ್ತು ವರ್ಷದ ಆಯವ್ಯಯವನ್ನು ನಾನೇ ಪರಿಶೀಲಿಸಿದೆನು. ಅವನ ಮಕ್ಕಳ ವಿದ್ಯಾಭ್ಯಾಸಕ್ಕೆ ಈ ಅಂಗಡಿ ಸಾಲದೆಂಬುದು ನಿಶ್ಚಯವಾಗಿತ್ತು.

ಈಗ ಧರ್ಮದ ಪ್ರಶ್ನೆ. ಊರು ಬಿಡುವುದು ತಪ್ಪೇ? ಖಂಡಿತ ಅಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಿರುವ, ಏಳನೆಯ ಶತಮಾನದ ಸುಮಾರಿನದೆಂದು ವಿದ್ವಾಂಸರು ಎಣಿಸುವ ಶಾಸನವು ನಮ್ಮ ಸಂಘವೇ ಊರು ಬಿಟ್ಟು ಬಂದ ಕಥೆಯನ್ನು ಹೇಳುತ್ತದೆ. ಹನ್ನೆರಡು ವರ್ಷಗಳ ಕ್ಷಾಮವನ್ನು ಉಜ್ಜಯಿನಿಯಲ್ಲಿ ಭದ್ರಬಾಹು ಸ್ವಾಮಿಗಳು ಮುನ್ನರಿತರು. ಸಂಘವು ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟಿತು. ಕ್ಷಾಮದಲ್ಲಿ ಅಲ್ಲಿಯೇ ಉಳಿದಿದ್ದರೆ ಮುನಿಗಳ ಆಹಾರವಿಧಿ ಕೆಡುತ್ತಿತ್ತು, ಹಸಿದ ಗೃಹಸ್ಥರ ಮೇಲೆ ಭಾರವೂ ಬೀಳುತ್ತಿತ್ತು. ಉಳಿದರೆ ವ್ರತಕ್ಕೆ ಹಾನಿ, ಇತರರಿಗೆ ಭಾರ ಎಂದಾದಾಗ ಹೊರಡುವುದೇ ಧರ್ಮವೆಂದು ನಾನು ಇದರಿಂದ ತಿಳಿಯುತ್ತೇನೆ.

ನಮ್ಮ ವ್ಯಾಪಾರಕ್ಕೂ ಇದು ಅನ್ವಯಿಸುತ್ತದೆ. ಕುಗ್ಗುತ್ತಿರುವ ಮಾರುಕಟ್ಟೆಯಲ್ಲಿ ಹಠದಿಂದ ಉಳಿಯುವವನಿಗೆ ಎರಡು ಆಮಿಷಗಳು ಎದುರಾಗುತ್ತವೆ. ಕೃತಕ ರೇಷ್ಮೆಯನ್ನು ಶುದ್ಧ ರೇಷ್ಮೆಯೆಂದು ಸಾಗಿಸುವುದು ಒಂದು, ಬಿಲ್ಲಿಲ್ಲದೆ ಮಾರುವುದು ಇನ್ನೊಂದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳಾಗಿ ಹೇಳಿರುವ ಪ್ರತಿರೂಪಕ ವ್ಯವಹಾರ ಮತ್ತು ವಿರುದ್ಧರಾಜ್ಯಾತಿಕ್ರಮ ಇವೇ ಅಲ್ಲವೆ? ಹಳೆಯ ಅಂಗಡಿಯ ಹೆಸರು ಉಳಿಸಲು ಹಳೆಯ ವ್ರತವನ್ನು ಕಳೆದುಕೊಳ್ಳುವುದು ವಿವೇಕವಲ್ಲ. ಊರಿನ ಮೇಲಿನ ಮೋಹವೂ ಪರಿಗ್ರಹವೇ. ಆದುದರಿಂದ ಮಗನ ಹೊರಡುವಿಕೆಗೆ ನಾನು ಒಪ್ಪಿದೆನು.

ಆದರೆ ನನಗೆ ಒಂದು ಎಲ್ಲೆಯಿತ್ತು. 2006ರ ಮಹಾಮಸ್ತಕಾಭಿಷೇಕದ ವರ್ಷ ನಾನು ಮುನಿ ಮಹಾರಾಜರೊಬ್ಬರ ಸನ್ನಿಧಿಯಲ್ಲಿ ದಿಗ್ವ್ರತವನ್ನು ಸ್ವೀಕರಿಸಿದ್ದೆನು. ತೀರ್ಥಯಾತ್ರೆಯನ್ನುಳಿದು ವ್ಯಾಪಾರಕ್ಕಾಗಿ ಉತ್ತರಕ್ಕೆ ತುಂಗಭದ್ರೆ, ದಕ್ಷಿಣಕ್ಕೆ ಕಾವೇರಿ, ಪೂರ್ವ ಪಶ್ಚಿಮಗಳಲ್ಲಿ ಸಮುದ್ರ, ಇವುಗಳಾಚೆ ಹೋಗುವುದಿಲ್ಲವೆಂಬುದು ಆ ನಿಯಮ. ಸೂರತ್ತು ತುಂಗಭದ್ರೆಯಿಂದ ಬಹುದೂರ. "ಅಪ್ಪಾ, ನೀವು ಬರಬೇಕಾಗಿಯೇ ಇಲ್ಲ, ಹಣ ಬಂದರೆ ಸಾಕು, ನಾನು ನೋಡಿಕೊಳ್ಳುತ್ತೇನೆ" ಎಂದು ಮಗನು ಹೇಳಿದನು. ಇಲ್ಲಿ ನಾನು ಶಾಸ್ತ್ರವನ್ನು ಮತ್ತೆ ನೋಡಿದೆನು. ದಿಗ್ವ್ರತದ ಅತಿಚಾರಗಳಲ್ಲಿ ಕ್ಷೇತ್ರವೃದ್ಧಿಯೊಂದು: ಲೋಭದಿಂದ ಎಲ್ಲೆಯನ್ನು ಹಿಗ್ಗಿಸಿಕೊಳ್ಳುವುದು. ಅದರ ಜೊತೆಯ ದೇಶವ್ರತದಲ್ಲಿ ಪ್ರೇಷ್ಯಪ್ರಯೋಗವೆಂಬ ಅತಿಚಾರವಿದೆ: ತಾನು ಹೋಗದೆ ಎಲ್ಲೆಯಾಚೆಗೆ ಇನ್ನೊಬ್ಬನನ್ನು ಕಳುಹಿಸಿ ಕೆಲಸ ಮಾಡಿಸುವುದು. ನನ್ನ ದೇಹ ಇಲ್ಲಿ ಕುಳಿತು ನನ್ನ ಬಂಡವಾಳ ಅಲ್ಲಿ ದುಡಿದರೆ ವ್ರತದ ಅಕ್ಷರ ಉಳಿದೀತು, ಅರ್ಥ ಉಳಿಯದು. ಎಲ್ಲೆಯಾಚೆ ಲಾಭವಿದ್ದರೂ ಅದನ್ನು ಬಯಸದಿರುವುದೇ ಅಲ್ಲವೆ ಆ ವ್ರತದ ಫಲ?

ಆದುದರಿಂದ ಪಾಲುದಾರಿಕೆ ಬೇಡ, ವಿಭಾಗವಾಗಲಿ ಎಂದೆನು. ಮಗನ ಪಾಲನ್ನು ಅವನಿಗೇ ಸಂಪೂರ್ಣವಾಗಿ ಕೊಡುವುದು. ಅದು ಅವನ ಸ್ವತ್ತು, ಅವನ ವಿವೇಕ. ನನ್ನ ವ್ರತದಿಂದ ಅವನನ್ನು ಕಟ್ಟುವ ಅಧಿಕಾರ ನನಗಿಲ್ಲ. ನನ್ನ ಪಾಲು ಇಲ್ಲಿಯೇ ಇರಲಿ.

ನಿಜವಾದ ಕಷ್ಟ ಬಂದದ್ದು ನೇಕಾರರ ಬಾಕಿಯ ವಿಷಯದಲ್ಲಿ. 43 ಖಾತೆಗಳಲ್ಲಿ ಬರಬೇಕಾದ ಹಣವೇ ನಮ್ಮ ಬಂಡವಾಳದ ದೊಡ್ಡ ಭಾಗವಾಗಿತ್ತು. ಹೊರಗಿನ ವ್ಯಾಪಾರಿಯೊಬ್ಬರು ಅಷ್ಟನ್ನೂ ರೂಪಾಯಿಗೆ 60 ಪೈಸೆಯಂತೆ ಒಮ್ಮೆಲೇ ಕೊಳ್ಳಲು ಮುಂದೆ ಬಂದರು. ವ್ಯವಹಾರದಲ್ಲಿ ಇದು ಅಕ್ರಮವೇನೂ ಅಲ್ಲ. ಆದರೆ ಬಾಕಿ ವಸೂಲಿಗೆ ಮಗ್ಗವನ್ನೇ ಬಿಚ್ಚಿ ಒಯ್ಯುವುದು ಅವರ ಕ್ರಮವೆಂದು ನಾನು ಬಲ್ಲೆ. ಸುದ್ದಿ ತಿಳಿದ ಒಬ್ಬ ನೇಕಾರರು ಅಂಗಡಿಗೆ ಬಂದು, "ಸಾಹುಕಾರ್ರೇ, ನೀವು ಹೋಗೋದು ಬೇಡ ಅನ್ನಲ್ಲ. ನಮ್ಮ ಲೆಕ್ಕ ಯಾರ ಕೈಗೆ ಕೊಟ್ಟು ಹೋಗ್ತೀರಿ, ಅದನ್ನ ಹೇಳಿ" ಎಂದು ಕೇಳಿದರು. ಊರು ಬಿಡುವ ವ್ಯಾಪಾರಿಗೆ ಕೇಳಬೇಕಾದ ಪ್ರಶ್ನೆ ಇದೊಂದೇ ಎಂದು ನನಗೆ ಅನ್ನಿಸಿತು.

ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿದಾಗ ಗಣಿಯ ಕಾರ್ಮಿಕರು ಕೆಲಸವನ್ನು ಕಳೆದುಕೊಂಡರು. ಅಲ್ಲಿಯ ಎಷ್ಟೋ ಮಂದಿ ಇಂದಿಗೂ ಮನೆಯನ್ನು ಅಲ್ಲಿಯೇ ಉಳಿಸಿಕೊಂಡು ಪ್ರತಿದಿನ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಬರುತ್ತಾರೆ. ಕಾರ್ಮಿಕನು ಊರು ಬಿಟ್ಟರೆ ಅವನ ಎರಡು ಕೈಗಳಷ್ಟೇ ಹೋಗುತ್ತವೆ. ವ್ಯಾಪಾರಿ ಊರು ಬಿಟ್ಟರೆ ಊರಿನ ಉದರಿಯೂ ಅವನೊಡನೆ ಹೊರಟುಹೋಗುತ್ತದೆ. ಈ ಭೇದವನ್ನು ನಾವು ಮರೆಯಬಾರದು. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದು. ಕಟ್ಟಿದ ಪಶುವಿಗೆ ಮೇವು ನೀರು ಕೊಡದಿರುವುದೆಂದು ಅದಕ್ಕೆ ಅರ್ಥ ಹೇಳುತ್ತೇವೆ. ಬಾಕಿಗೆ ಕಟ್ಟುಬಿದ್ದ ಮನೆಯ ಮಗ್ಗವನ್ನು ಬಿಚ್ಚಲು ದಾರಿ ಮಾಡಿಕೊಡುವುದು ಅದಕ್ಕಿಂತ ಬೇರೆಯೇನು?

ಖಾತೆಗಳನ್ನು ಮಾರುವುದಿಲ್ಲವೆಂದು ನಿರ್ಧರಿಸಿದೆನು. ಆಗ ಮಗನು, "ಧರ್ಮ ನಿಮ್ಮದು ಅಪ್ಪಾ, ನಷ್ಟ ಮಾತ್ರ ನಮ್ಮೆಲ್ಲರದು" ಎಂದು ನೊಂದು ನುಡಿದನು. ಅವನ ಮಾತಿನಲ್ಲಿ ನ್ಯಾಯವಿತ್ತು. ಮಗನ ಹಣದಲ್ಲಿ ತಂದೆ ಪುಣ್ಯ ಗಳಿಸುವುದು ದಾನವಲ್ಲ. ಆದುದರಿಂದ ಆ 43 ಖಾತೆಗಳನ್ನೂ ಅವುಗಳ ಪೂರ್ಣ ಮೊತ್ತಕ್ಕೆ ನನ್ನ ಪಾಲಿಗೆ ಹಾಕಿಕೊಂಡು, ಕೈಯಲ್ಲಿದ್ದ ನಗದು ಮತ್ತು ದಾಸ್ತಾನಿನ ಹಣವನ್ನು ಅವನ ಪಾಲಿಗೆ ಕೊಟ್ಟೆನು. ಬಂದರೆ ನನಗೆ, ಬಾರದಿದ್ದರೆ ನನಗೆ. ಬಡ್ಡಿಯನ್ನು ನಿಲ್ಲಿಸಿ, ಪ್ರತಿಯೊಬ್ಬರ ಮುಂದೆಯೂ ಲೆಕ್ಕ ಓದಿ, ಸೀರೆಗೆ ಇಷ್ಟು ಎಂದು ಕಂತನ್ನು ಗೊತ್ತುಮಾಡಲಾಯಿತು. ನೂಲಿನ ಸರಬರಾಜು ಒಮ್ಮೆಲೇ ನಿಲ್ಲದಂತೆ, 22 ವರ್ಷ ನಮ್ಮಲ್ಲಿ ಗುಮಾಸ್ತರಾಗಿದ್ದವರಿಗೆ ಅಂಗಡಿಯನ್ನು ವಹಿಸಿಕೊಟ್ಟೆನು. ಮಗನ ಸಂಸಾರ 2024ರ ಜೂನಿನಲ್ಲಿ, ಶಾಲೆಗಳು ಆರಂಭವಾಗುವ ಹೊತ್ತಿಗೆ, ಸೂರತ್ತಿಗೆ ಹೋಯಿತು. ಈ ಲೇಖನ ಬರೆಯುವ ಹೊತ್ತಿಗೆ 29 ಖಾತೆಗಳು ಪೂರ್ಣವಾಗಿ ತೀರಿವೆ. ಐದು ಖಾತೆಗಳನ್ನು, ಮನೆಯ ಯಜಮಾನರೇ ತೀರಿಕೊಂಡದ್ದರಿಂದ, ನಾನೇ ಗೆರೆ ಎಳೆದು ಮುಗಿಸಿದ್ದೇನೆ. ಉಳಿದವು ನಡೆಯುತ್ತಿವೆ. ಅವು ಮುಗಿಯುವವರೆಗೆ ನಾನೂ ನನ್ನ ಧರ್ಮಪತ್ನಿಯೂ ಇಲ್ಲಿಯೇ ಇರುತ್ತೇವೆ. ಅನಂತರ ತುಮಕೂರಿನಲ್ಲಿರುವ ಮಗಳ ಮನೆಯ ಸಮೀಪಕ್ಕೆ ಹೋಗುವ ಆಲೋಚನೆಯಿದೆ.

ಇಂಥ ನಿರ್ಧಾರ ಇಂದು ಅನೇಕ ಜೈನ ಕುಟುಂಬಗಳ ಮುಂದಿದೆ. ಸಣ್ಣ ಊರುಗಳಿಂದ ನಮ್ಮ ಮನೆಗಳು ಒಂದೊಂದಾಗಿ ನಗರಗಳಿಗೆ ಹೋಗುತ್ತಿವೆ. ಹೋಗಬೇಡಿರೆಂದು ಹೇಳುವುದು ಈ ಲೇಖನದ ಆಶಯವಲ್ಲ. ಹೊರಡುವ ಮುನ್ನ ಕುಟುಂಬದವರೆಲ್ಲ ಕುಳಿತು, ನಾವು ಏನನ್ನು ಒಯ್ಯುತ್ತೇವೆ, ಏನನ್ನು ಯಾರ ಕೈಯಲ್ಲಿ ಬಿಟ್ಟು ಹೋಗುತ್ತೇವೆ ಎಂದು ಒಂದು ಹಾಳೆಯ ಎರಡು ಬದಿಗಳಲ್ಲಿ ಬರೆಯಲಿ. ಎಡಬದಿಯನ್ನು ಬರೆಯಲು ಯಾರೂ ಹೇಳಿಕೊಡಬೇಕಾಗಿಲ್ಲ. ಬಲಬದಿಯನ್ನು ಬರೆಯುವುದಕ್ಕೆ ಧರ್ಮದ ನೆನಪು ಬೇಕು. ಬಸದಿಗಳ ವಿಶ್ವಸ್ಥ ಮಂಡಳಿಗಳಿಗೂ ಒಂದು ವಿನಂತಿ: ಲೆಕ್ಕ ನೋಡುವ ಸದಸ್ಯರು ಊರು ಬಿಡುವಾಗ ಠೇವಣಿ, ಪಾತ್ರೆ, ಆಭರಣ, ಬೀಗದ ಕೈಗಳನ್ನು ಪಟ್ಟಿ ಸಹಿತ ಮಂಡಳಿಯ ಮುಂದೆ ಒಪ್ಪಿಸುವ ಕ್ರಮವಿರಲಿ, ಊರಿನ ಕೊನೆಯ ಮನೆ ಹೊರಡುವುದಕ್ಕೆ ಮೊದಲೇ ನಿತ್ಯಪೂಜೆಯ ಏರ್ಪಾಡು ಆಗಲಿ.

ದಿಗ್ವ್ರತದ ಕೊನೆಯ ಅತಿಚಾರದ ಹೆಸರು ಸ್ಮೃತ್ಯಂತರಾಧಾನ, ಹಾಕಿಕೊಂಡ ಎಲ್ಲೆಯನ್ನು ಮರೆತುಬಿಡುವುದು. ಹೊಸ ಊರಿಗೆ ಹೋಗುವ ನಮ್ಮ ಮಕ್ಕಳು ಅಲ್ಲಿ ಚೆನ್ನಾಗಿ ಬಾಳಲಿ, ಸಂಪಾದಿಸಲಿ. ತಮಗೂ ಎಲ್ಲಿಯಾದರೂ ಒಂದು ಎಲ್ಲೆಯನ್ನು ಹಾಕಿಕೊಂಡು, ಅದನ್ನು ಮರೆಯದಿರಲಿ ಎಂದು ಹಾರೈಸುತ್ತೇನೆ.